ಒಂದು ಪ್ರಶ್ನೆ ಕೇಳಿ ಬಾ ಎನ್ನುತ್ತಿದ್ದವರು

ಹೋದ ತಿಂಗಳು ವಿಜಯವಾಡಕ್ಕೆ ಹೋಗಿ ಭವಾನಿಪುರಂನ ಎರಡು ಕೋಣೆಗಳನ್ನು ಖಾಲಿ ಮಾಡಿಸಿ ಬಂದೆ. ಆ ಕೋಣೆಗಳಲ್ಲಿ ಕೂತು ನರ್ಸುಗಳನ್ನು ಪರದೇಶಕ್ಕೆ ಕಳಿಸುತ್ತಿದ್ದವರು ತೀರಿಕೊಂಡು ಹದಿನೈದು ದಿನವಾಗಿತ್ತು. ಅವರ ಮಗಳು ಫೋನು ಮಾಡಿ, "ಅಣ್ಣಾ, ಅಮ್ಮನ ಕಾಗಿತಾಲು ನಂಗೇನೂ ಅರ್ಥ ಆಗಲ್ಲ ಅಂಡಿ. ಯಾವ ಪೇಪರ್ ಇಟ್ಕೋಬೇಕು, ಯಾವುದು ಹರೀಬೇಕು, ನೀವೇ ಬಂದು ಹೇಳಿ" ಎಂದು ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳಿದ್ದಳು. ಹರಿಯಲು ಒಂದು ದಿನ ಸಾಲಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಆಸ್ಪತ್ರೆ ಮಂಚವನ್ನು ಗುಜರಿಯವನು ಮೆಟ್ಟಿಲಲ್ಲಿ ಇಳಿಸಲು ಆಗುವುದಿಲ್ಲ ಎಂದ. ಹಾಗಾದರೆ ಇದು ಮೇಲೆ ಹತ್ತಿದ್ದು ಹೇಗೆ ಎಂದು ನನ್ನನ್ನೇ ಕೇಳಿದ. ನನಗೂ ಗೊತ್ತಿರಲಿಲ್ಲ.

ನಾವೆಲ್ಲ ಅವರನ್ನು ಮೇಟ್ರನ್ ಅಮ್ಮ ಎನ್ನುತ್ತಿದ್ದೆವು. ಬಳ್ಳಾರಿಯಲ್ಲಿ ಹುಟ್ಟಿ, ರೈಲ್ವೆಯವರನ್ನು ಮದುವೆಯಾಗಿ ವಿಜಯವಾಡಕ್ಕೆ ಬಂದವರು. ಬೇರೆಬೇರೆ ಆಸ್ಪತ್ರೆಗಳಲ್ಲಿ ನಲವತ್ತು ವರ್ಷ ದುಡಿದು, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದ ಮೇಲೆ ಈ ಕೆಲಸ ಹಿಡಿದಿದ್ದರು. ಐರ್ಲೆಂಡಿಗೋ ಇಂಗ್ಲೆಂಡಿಗೋ ಹೋಗಬೇಕೆನ್ನುವ ನರ್ಸುಗಳಿಗೆ ಅರ್ಜಿ ತುಂಬಿಸುವುದು, ಅಲ್ಲಿನ ನರ್ಸಿಂಗ್ ಕೌನ್ಸಿಲ್ಲಿಗೆ ಕಾಗದಪತ್ರ ಕಳಿಸುವುದು, ಸಂದರ್ಶನಕ್ಕೆ ತಯಾರು ಮಾಡುವುದು. ಹೊರದೇಶಕ್ಕೆ ಕಳಿಸುತ್ತೇವೆನ್ನುವವರೆಲ್ಲ ಮೋಸಗಾರರೆಂದು ಜನ ನಂಬುತ್ತಾರೆ. ಅರ್ಧಕ್ಕರ್ಧ ನಿಜ. ಇವರು ಶುಲ್ಕವನ್ನು ಗೋಡೆಯ ಮೇಲೆ ಬರೆಸಿಬಿಟ್ಟಿದ್ದರು, ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಯಾರಾದರೂ ಬಂದು ಕೈಮುಗಿದರೆ ಮುಗಿದ ಕೈಯನ್ನೇ ಹಿಡಿದು ನಾಡಿ ನೋಡುವುದು ಅವರ ಅಭ್ಯಾಸ. ಮೊದಲ ಸಲ ಹೋದಾಗ ನನ್ನ ಕೈಯನ್ನೂ ಹಿಡಿದರು. ಗಡಿಯಾರ ನೋಡುತ್ತಾ ಅರ್ಧ ನಿಮಿಷ ಎಣಿಸಿ, "ತೊಂಬತ್ತು. ಮೆಟ್ಲು ಹತ್ತಿ ಬಂದೀಯಲ್ಲ, ಪರವಾಲೇದು. ಕುಂದ್ರು" ಎಂದರು. ನನ್ನ ಹೆಸರನ್ನು ಅವರು ಕೊನೆಯವರೆಗೂ ಕೇಳಲಿಲ್ಲ. ನೇವಿಯವನೆಂದು ಗೊತ್ತಾದ ದಿನದಿಂದ ನಾನು ಅವರ ಪಾಲಿಗೆ "ನೇವಿ".

ನಾನು ನೌಕಾಪಡೆಯಲ್ಲಿದ್ದುದು ಹೌದು, ಆದರೆ ತೋಪು ಹಾರಿಸಿದವನಲ್ಲ. ಕಡತ, ರಜೆ ಅರ್ಜಿ, ವರ್ಗಾವಣೆಯ ಆದೇಶ ಬರೆಯುವ ಗುಮಾಸ್ತೆ ಕೆಲಸ. ಗದಗಿನಿಂದ ಬಂದು ಹದಿನೈದು ವರ್ಷ ಕಾಗದ ಬರೆದು, ಮೂವತ್ತೈದಕ್ಕೆಲ್ಲ ನಿವೃತ್ತನಾಗುವ ಹೊತ್ತಿಗೆ ಕಾಗದ ಬಿಟ್ಟು ಇನ್ನೇನೂ ಬಾರದವನಾಗಿದ್ದೆ. ನನ್ನ ಹೆಂಡತಿ ಶೋಭಾ ವಿಶಾಖಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಮೂವತ್ತು ಹಾಸಿಗೆಯ ವಾರ್ಡಿಗೆ ರಾತ್ರಿಪಾಳಿಯಲ್ಲಿ ಅವಳೊಬ್ಬಳೇ. "ಒಬ್ಬರ ಹತ್ರನಾದ್ರೂ ಐದು ನಿಮಿಷ ಕುಂತು ಏನ್ ನೋವೈತಿ ಅಂತ ಕೇಳಬೇಕ್ರಿ. ಓಡೋದೇ ಆತು ನನ್ನ ಕೆಲಸ" ಎನ್ನುತ್ತಿದ್ದಳು. ನನ್ನ ನೌಕರಿ ಮುಗಿದು ಕ್ವಾರ್ಟರ್ಸ್ ಬಿಡಬೇಕಾದ ವರ್ಷವೇ ಅವಳಿಗೆ ಐರ್ಲೆಂಡಿನ ಯೋಚನೆ ಬಂತು. ಅವಳಿಗೆ ಅಲ್ಲಿ ಕೆಲಸ ಸಿಕ್ಕರೆ ಮನೆಯೂ ನಿಲ್ಲುತ್ತದೆ, ಅವಳೂ ಉಸಿರಾಡುತ್ತಾಳೆ. ಸಿಗದಿದ್ದರೆ ಏನೆಂದು ನಾವಿಬ್ಬರೂ ಮಾತಾಡುತ್ತಿರಲಿಲ್ಲ.

ಹೀಗೆ ನಾವು ವಿಶಾಖಪಟ್ಟಣದಿಂದ ಬೆಳಗಿನ ರೈಲು ಹಿಡಿದು ಭವಾನಿಪುರಂಗೆ ಹೋಗಲು ಶುರುಮಾಡಿದೆವು. ಅಲ್ಲಿನ ಪಾಠ ನಡೆಯುತ್ತಿದ್ದುದು ಆ ಮಂಚದ ಮೇಲೆ. ಮೇಟ್ರನ್ ಅಮ್ಮ ಸೀರೆಯ ಮೇಲೊಂದು ಬಿಳಿ ಚಾದರ ಹೊದ್ದು ರೋಗಿಯಾಗಿ ಮಲಗುತ್ತಿದ್ದರು. ಹುಡುಗಿಯರು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾ ಅವರ ಆರೈಕೆ ಮಾಡಬೇಕು. ಅಂಥ ಕಿರಿಕಿರಿಯ ರೋಗಿಯನ್ನು ನಾನು ಕಂಡಿಲ್ಲ. ಸ್ನಾನ ಬೇಡ ಎನ್ನುವರು, ಮಾತ್ರೆ ಉಗುಳುವರು, ನನ್ನ ನಾಯಿ ಎಲ್ಲಿ ಎಂದು ಅಳುವರು. ಹುಡುಗಿ ಅಭ್ಯಾಸಬಲದಿಂದ ಅವರ ತೋಳು ಹಿಡಿದು ಪಕ್ಕಕ್ಕೆ ಹೊರಳಿಸಲು ಹೋದರೆ ಚಾದರದೊಳಗಿಂದ ಒಂದು ಏಟು ಬೀಳುತ್ತಿತ್ತು. "ಕೇಳಿದೇನೇ ನನ್ನ? ಕೇಳದೆ ಮೈ ಮುಟ್ಟಬ್ಯಾಡ. ನಾನೇನು ಅಕ್ಕಿ ಮೂಟೆನಾ?" ಎಂದು ಬಳ್ಳಾರಿಯ ಬೈಗುಳ ಶುರುವಾಗುತ್ತಿತ್ತು. ತೆಲುಗು ಹುಡುಗಿಯರಿಗೆ ಅರ್ಥವಾಗದಿದ್ದರೂ ಬೈಗುಳವೆಂದು ತಿಳಿಯುತ್ತಿತ್ತು.

ಊಟ ಮಾತ್ರ ಅವರು ಐದೇ ನಿಮಿಷದಲ್ಲಿ ಮುಗಿಸುತ್ತಿದ್ದರು. ಮೊಸರನ್ನ, ಗೋಂಗೂರ ಚಟ್ನಿ. ಡಬ್ಬಿ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತೇ ತಿನ್ನುವುದು. ಕಿಟಕಿಯಿಂದ ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಒಂದು ತುಂಡು ಕಾಣುತ್ತಿತ್ತು. ಅಷ್ಟು ಹತ್ತಿರವಿದ್ದೂ ಎಷ್ಟು ವರ್ಷದಿಂದ ಬೆಟ್ಟ ಹತ್ತಿಲ್ಲವೆಂದು ಒಮ್ಮೆ ಕೇಳಿದೆ. "ಮಂಡಿ ಕೇಳ್ಬೇಕಲ್ಲಪ್ಪ. ಅಮ್ಮನೋರಿಗೆ ಗೊತ್ತು, ಇಲ್ಲಿಂದ್ಲೇ ಕೈಮುಗೀತೀನಿ" ಎಂದು ಡಬ್ಬಿ ಮುಚ್ಚಿದರು.

ಶೋಭಾಳ ಮೊದಲ ಸಂದರ್ಶನ ಆ ಕೋಣೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ನಡೆಯಿತು. ತೆರೆಯ ಮೇಲೆ ಆ ಕಡೆಯ ಇಬ್ಬರು ಹೆಂಗಸರು ನಗುನಗುತ್ತಾ ಮಾತಾಡಿಸಿದರು. ಇವಳೂ ಚೆನ್ನಾಗಿಯೇ ಉತ್ತರಿಸಿದಳು. ಅಷ್ಟರಲ್ಲಿ ಬಿಳಿಕೂದಲಿನ ಡಾಕ್ಟರೊಬ್ಬರು ಬಂದು ಕೂತರು. ಡಾಕ್ಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಶೋಭಾ ಎದ್ದು ನಿಂತಳು. ಬಾಗಿಲ ಬಳಿ ಕೂತಿದ್ದ ನಾನೂ ಹದಿನೈದು ವರ್ಷದ ರೂಢಿಯಲ್ಲಿ ಎದ್ದು ಸೆಟೆದು ನಿಂತೆ. ಆ ಕಡೆಯವರಿಗೆ ಕಂಡದ್ದು ಅವಳ ಸೊಂಟ ಮಾತ್ರ. ಗಾಬರಿಯಾಗಿ, ಏನಾದರೂ ಅವಘಡವಾಯಿತೇ, ಬೆಂಕಿ ಬಿತ್ತೇ ಎಂದು ಕೇಳಿದರು. "ನೋ ಸರ್, ನೋ ಸರ್" ಎಂದಳೇ ಹೊರತು ಕೂರಲಿಲ್ಲ. ಕೂರು ಎಂದು ಡಾಕ್ಟರು ಹೇಳಿರಲಿಲ್ಲವಲ್ಲ! ಮೇಟ್ರನ್ ಅಮ್ಮ ಮಂಚದ ಮೇಲೆ ಚಾದರವನ್ನು ಮುಖದವರೆಗೆ ಎಳೆದುಕೊಂಡರು.

ಆದರೆ ಸೋತದ್ದು ಅದಕ್ಕಲ್ಲ. ಡಾಕ್ಟರು ಒಂದು ಪ್ರಶ್ನೆ ಕೇಳಿದರು. ವೈದ್ಯರ ಮಾತು ಸರಿಯಲ್ಲವೆಂದು ನಿಮಗೆ ಅನಿಸಿ, ಅದನ್ನು ಹೇಳಿದ ಒಂದು ಸಂದರ್ಭ ತಿಳಿಸಿ. ಶೋಭಾ ಮುಖ ಅರಳಿಸಿಕೊಂಡು, ಹನ್ನೊಂದು ವರ್ಷದ ಸೇವೆಯಲ್ಲಿ ಒಮ್ಮೆಯೂ ಇಲ್ಲ ಸರ್ ಎಂದಳು. ನಮ್ಮಲ್ಲಿ ಇದಕ್ಕೆ ಶಾಲು ಹೊದಿಸುತ್ತಾರೆ. ಅಲ್ಲಿ ಮೂವರೂ ತಲೆ ತಗ್ಗಿಸಿ ಏನೋ ಬರೆದುಕೊಂಡರು. ವಾರದ ಮೇಲೆ ಆಗುವುದಿಲ್ಲವೆಂಬ ಉತ್ತರ ಬಂತು.

ಬೇರೆ ಏಜೆಂಟರ ಬಳಿ ಈ ಪ್ರಶ್ನೆಗೆ ಸಿದ್ಧ ಕತೆಗಳು ಸಿಗುತ್ತಿದ್ದವು. ಇಂಥ ಡಾಕ್ಟರು ಇಂಥ ಔಷಧ ಬರೆದರು, ನಾನು ಹೀಗೆಂದೆ, ರೋಗಿ ಬದುಕಿದ ಎಂದು ಬಾಯಿಪಾಠ ಮಾಡಿಸಿ ಕಳಿಸುತ್ತಿದ್ದರು. ಒಂದೇ ರೋಗಿ ಎಷ್ಟು ಹುಡುಗಿಯರ ಕೈಯಲ್ಲಿ ಬದುಕಿದನೋ ದೇವರಿಗೇ ಗೊತ್ತು. ಮೇಟ್ರನ್ ಅಮ್ಮನಿಗೆ ಅದು ಆಗದು. ಅವರ ದಾರಿ ಬೇರೆ. ಸಂದರ್ಶನಕ್ಕೆ ಮುಂಚೆ ಪ್ರತಿ ಹುಡುಗಿಗೂ ಒಂದು ಮನೆಪಾಠ ಕೊಡುತ್ತಿದ್ದರು. ನಿನ್ನ ವಾರ್ಡಿಗೆ ಹಿಂದಿರುಗು, ಡಾಕ್ಟರಿಗೆ ನಿಜವಾದ ಒಂದು ಪ್ರಶ್ನೆ ಕೇಳಿ ಬಾ. ಜಗಳವಲ್ಲ, ಪ್ರಶ್ನೆ. ಕೇಳಿ ಬಂದ ಮೇಲೇ ಮುಂದಿನ ಪಾಠ. ಕೆಲವರು ಅಲ್ಲಿಗೇ ಬಿಟ್ಟು ಹೋಗುತ್ತಿದ್ದರು. ಉಳಿದವರು ತಿಂಗಳುಗಟ್ಟಲೆ ಮುಂದೂಡಿ, ಕೊನೆಗೆ ಸಣ್ಣದೊಂದು ಪ್ರಶ್ನೆ ಕೇಳಿ, ಬಹುಮಾನ ಗೆದ್ದವರ ಹಾಗೆ ಮೆಟ್ಟಿಲು ಹತ್ತಿ ಬರುತ್ತಿದ್ದರು.

ಶೋಭಾಳಿಗೂ ಆ ಪಾಠ ಸಿಕ್ಕಿತು. "ನನ್ ಕೈಲೆ ಆಗಾಂಗಿಲ್ರಿ ಅಮ್ಮಾರ" ಎಂದಳು.

"ಆಗಲ್ಲಾಂದ್ರೆ ಅಲ್ಲಿ ಹೋಗಿ ಏನ್ ಮಾಡ್ತೀಯ? ಅಲ್ಲಿ ದಿನಾ ಕೇಳ್ಬೇಕು" ಎಂದರು ಅವರು. "ನಾನು ನಲವತ್ತು ವರ್ಷ ಕೇಳಿಲ್ಲ. ನೀನು ಕೇಳು."

ಇವಳು ಎರಡು ತಿಂಗಳು ತಳ್ಳಿದಳು. ಒಂದು ಬೆಳಿಗ್ಗೆ ರೌಂಡ್ಸಿನಲ್ಲಿ ಹಿರಿಯ ಡಾಕ್ಟರು ಬಂದಿದ್ದರು. ಸಕ್ಕರೆ ಕಾಯಿಲೆಯ ಮುದುಕರೊಬ್ಬರನ್ನು ಯಾವುದೋ ಪರೀಕ್ಷೆಗೆಂದು ರಾತ್ರಿಯಿಂದ ಉಪವಾಸ ಇಟ್ಟಿದ್ದರು. ಚೀಟಿಯಲ್ಲಿ ಮಾತ್ರ ದಿನದಷ್ಟೇ ಇನ್ಸುಲಿನ್ ಕೊಡಲು ಬರೆದಿತ್ತು. ಹೊಟ್ಟೆಯಲ್ಲಿ ಏನೂ ಇಲ್ಲದವರಿಗೆ ಅಷ್ಟು ಕೊಟ್ಟರೆ ಸಕ್ಕರೆ ಇಳಿದು ಪ್ರಜ್ಞೆ ತಪ್ಪಬಹುದು. ಶೋಭಾ ಚೀಟಿಯನ್ನು ಮುಂದೆ ಹಿಡಿದು, ಸರ್, ಇವರು ಉಪವಾಸ ಇದ್ದಾರೆ, ಇಷ್ಟೇ ಕೊಡಲೇ ಎಂದು ಕೇಳಿದಳು. ಮುದುಕರ ಮಕ್ಕಳು ಅಲ್ಲೇ ನಿಂತಿದ್ದರು. ಡಾಕ್ಟರು, "ಡಾಕ್ಟರ್ ನುವ್ವಾ, ನೇನಾ?" ಎಂದು, ಡಾಕ್ಟರು ನೀನೋ ನಾನೋ ಎಂದು, ಇಡೀ ವಾರ್ಡಿಗೆ ಕೇಳುವಂತೆ ತೆಲುಗಿನಲ್ಲಿ ಗದರಿ ಮುಂದೆ ಹೋದರು. ಅರ್ಧ ಗಂಟೆಯ ನಂತರ ಕಿರಿಯ ಡಾಕ್ಟರೊಬ್ಬ ಬಂದು, ಮಾತಿಲ್ಲದೆ ಚೀಟಿಯಲ್ಲಿ ಪ್ರಮಾಣ ತಗ್ಗಿಸಿ ಬರೆದು ಹೋದ.

ಅದೇ ತಿಂಗಳು ಎರಡನೇ ಸಂದರ್ಶನ. ಅದೇ ಪ್ರಶ್ನೆ ಬಂತು. ಶೋಭಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗದರಿಸಿಕೊಂಡದ್ದನ್ನೂ ಬಿಡಲಿಲ್ಲ. ಮೂರು ದಿನದಲ್ಲಿ ಆಯ್ಕೆಯ ಪತ್ರ ಬಂತು. ಮೇಟ್ರನ್ ಅಮ್ಮ ಅವಳ ಕೈ ಹಿಡಿದು ನಾಡಿ ಎಣಿಸಲು ಹೋಗಿ, ಎಣಿಕೆ ತಪ್ಪಿ, ಬಿಟ್ಟುಬಿಟ್ಟರು.

ಆದರೆ ಯಾವ ಮಾತಿನಿಂದ ಕೆಲಸ ಸಿಕ್ಕಿತೋ ಅದೇ ಮಾತು ಇಲ್ಲಿ ಕಾಲಿಗೆ ತೊಡರಿತು. ಶೋಭಾ ರಾಜೀನಾಮೆ ಕೊಡಲು ಹೋದಾಗ ಆಸ್ಪತ್ರೆಯವರು ಒಂದು ಮೆಮೊ ಕೈಗಿಟ್ಟರು. ರೋಗಿಯ ಕಡೆಯವರ ಎದುರಿಗೆ ಹಿರಿಯ ವೈದ್ಯರೊಡನೆ ಅನುಚಿತ ವರ್ತನೆ, ವಿಚಾರಣೆ ಬಾಕಿ. ವಿಚಾರಣೆ ಮುಗಿಯುವವರೆಗೆ ಹನ್ನೊಂದು ವರ್ಷದ ಅನುಭವ ಪತ್ರ ಕೊಡುವಂತಿಲ್ಲ. ಆ ಪತ್ರವಿಲ್ಲದೆ ಐರ್ಲೆಂಡಿನವರು ಮುಂದಿನ ಹೆಜ್ಜೆ ಇಡುವಂತಿಲ್ಲ. ಅವರು ಒಂದು ತಿಂಗಳು ಗಡುವು ಕೊಟ್ಟಿದ್ದರು. ನಾನು ಬಂದರಿನ ಹತ್ತಿರ ಹಡಗು ಸರಕಿನ ಏಜೆಂಟರೊಬ್ಬರ ಬಳಿ ಗುಮಾಸ್ತೆ ಕೆಲಸಕ್ಕೆ ಸೇರಿದ್ದೆ. ಊಟದ ಬಿಡುವಿನಲ್ಲಿ ಅರ್ಜಿ ಬರೆದು ಆಸ್ಪತ್ರೆಗೆ ಒಯ್ದು ಕೊಡುವುದು, ನಾಳೆ ಬನ್ನಿ ಎನ್ನಿಸಿಕೊಂಡು ಬರುವುದು. ಹದಿನೆಂಟು ದಿನ ಹೀಗೇ ಹೋಯಿತು. ಸುಮ್ಮನೆ ಕಟ್ಟುಕತೆ ಹೇಳಿಸಿದ್ದರೆ ಇವಳು ಇಷ್ಟು ಹೊತ್ತಿಗೆ ವಿಮಾನ ಹತ್ತುತ್ತಿದ್ದಳು. ಒಂದು ದಿನ ತಡೆಯದೆ ಮೇಟ್ರನ್ ಅಮ್ಮನಿಗೆ ಫೋನಿನಲ್ಲಿ, "ನಿಮ್ಮ ಪಾಠದಿಂದ ಆಗಿದ್ದು ಮೇಡಂ ಇದು" ಎಂದುಬಿಟ್ಟೆ.

"ಹೌದಪ್ಪ. ನಂದೇ ತಪ್ಪು. ಬರ್ತೀನಿ" ಎಂದರು.

ಮರುದಿನ ಮಧ್ಯಾಹ್ನ ವಿಶಾಖಪಟ್ಟಣದ ಸ್ಟೇಷನ್ನಿನಲ್ಲಿ ಇಳಿದರು. ಎಪ್ಪತ್ತು ದಾಟಿದ ಹೆಂಗಸು, ಊದಿದ ಮಂಡಿಗೆ ಬಟ್ಟೆ ಕಟ್ಟಿಕೊಂಡು ಬಂದಿದ್ದರು. ಎರಡು ದಿನ ಆಸ್ಪತ್ರೆಯ ಮುಖ್ಯಸ್ಥರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತೆವು. ಹಾದುಹೋಗುವ ನರ್ಸುಗಳ ನಡಿಗೆ ನೋಡಿ, "ಆ ಹುಡುಗಿಗೆ ಬೆನ್ನು ನೋವೈತೆ," "ಇವಳು ರಾತ್ರಿಯಿಂದ ಮನೆಗೆ ಹೋಗಿಲ್ಲ" ಎಂದು ಹೇಳುತ್ತಿದ್ದರು. ಮೂರನೇ ದಿನ ಒಳಗೆ ಕರೆದರು.

ಮುಖ್ಯಸ್ಥರು ಮರ್ಯಾದಸ್ಥರು, ಚಹಾ ತರಿಸಿದರು. ಹುಡುಗಿಯ ಮೇಲೆ ನನಗೇನೂ ಇಲ್ಲ ಅಮ್ಮಾ, ಆದರೆ ಹಿರಿಯ ಡಾಕ್ಟರು ದೂರು ಕೊಟ್ಟಿದ್ದಾರೆ, ಕಡತ ಮುಚ್ಚಬೇಕಾದರೆ ಏನಾದರೂ ಒಂದು ಕಾಗದ ಬೇಕು ಎಂದರು. ಆ ದಿನದ ಚೀಟಿ ತೆಗೆದು ನೋಡಿ, ಪ್ರಮಾಣ ತಿದ್ದಿದ್ದು ಅದರಲ್ಲೇ ಇದೆ ಎಂದು ನಾನು ಬಾಯಿ ಹಾಕಿದೆ. ಅವರು ನನ್ನ ಕಡೆ ನೋಡಲಿಲ್ಲ. ಮೇಟ್ರನ್ ಅಮ್ಮನಿಗೆ ಎಲ್ಲ ಅರ್ಥವಾಗಿತ್ತು.

"ನೇವಿ, ನಿನ್ನ ಕೈಬರಹ ಚೆಂದ ಐತೆ. ಬರಿ" ಎಂದರು.

ಅವರು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಸದರಿ ನರ್ಸು ವೈದ್ಯರ ಸರಿಯಾದ ಆದೇಶದ ಬಗ್ಗೆ ಅನಗತ್ಯ ಸಂದೇಹ ಎತ್ತಿದ್ದು ನನ್ನ ತಪ್ಪು ಬೋಧನೆಯಿಂದ. ಇದರಲ್ಲಿ ಆಕೆಯ ದುರುದ್ದೇಶವಿಲ್ಲ. ಆದ ಅಗೌರವಕ್ಕೆ ನಾನು ಕ್ಷಮೆ ಕೋರುತ್ತೇನೆ. ನಾನು ಪೆನ್ನು ಎತ್ತಿದೆ. "ಮೇಡಂ, ಸರಿಯಾದ ಆದೇಶ ಅಂತ ಬರಿಯೂದಾ? ಸುಳ್ಳಲ್ಲೇನ್ರಿ ಇದು?" ಎಂದೆ.

"ಗೊತ್ತೈತೆ. ನಲವತ್ತು ವರ್ಷ ಇಂಥವು ಎಷ್ಟು ಬರೆದೀನೋ. ಇನ್ನೊಂದು. ಬರಿ."

ಬರೆದೆ. ಅವರು ತಮ್ಮ ಹೆಸರು, ಕೆಳಗೆ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಎಂದು ಪೂರ್ತಿ ಬರೆದು ಸಹಿ ಹಾಕಿದರು. ಒಂದು ಗಂಟೆಯಲ್ಲಿ ಅನುಭವ ಪತ್ರ ಕೈಗೆ ಬಂತು. ನನಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು, ಇವತ್ತಿಗೂ ಆಗುತ್ತದೆ.

ಮನೆಗೆ ಬರುವಾಗ ಆಟೋ ಬಂದರಿನ ಗೇಟಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಬಹಳ ಹೊತ್ತು ನಿಂತಿತು. ಅವರು ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆ ಹೋದರೇನೋ ಎಂದುಕೊಂಡೆ. "ಶೋಭಾಗೆ ಇದನ್ನ ಹೇಳಬ್ಯಾಡ" ಎಂದರು, ಅಷ್ಟೇ. ಮನೆಯ ಬಾಗಿಲಲ್ಲಿ ಶೋಭಾ ಕಾಯುತ್ತಿದ್ದಳು. ಇವರು ಚಪ್ಪಲಿ ಬಿಡುವ ಮುಂಚೆಯೇ, "ತಗೋ ನಿನ್ನ ಪತ್ರ. ಡಾಕ್ಟರ್ರು ಒಪ್ಕೊಂಡ್ರಮ್ಮ. ನೀನು ಕೇಳಿದ್ದು ಸರಿ ಐತೆ ಅಂದ್ರು" ಎಂದರು. ಶೋಭಾ ಅಲ್ಲೇ ಗೋಡೆಗೆ ಒರಗಿ ಅತ್ತಳು. ಪತ್ರ ಸಿಕ್ಕಿದ್ದಕ್ಕಿಂತ ಆ ಮಾತಿಗೆ ಅತ್ತಳೆಂದು ನನಗೆ ತಿಳಿಯುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಾ ನಿಂತೆ.

ಶೋಭಾ ಹೋಗಿ ಮೂರು ವರ್ಷವಾಯಿತು. ಇಲ್ಲಿ ನನ್ನ ಜೊತೆಗಿರುವ ನಮ್ಮ ಮಗಳ ಹತ್ತನೇ ಕ್ಲಾಸು ಮುಗಿದ ಮೇಲೆ ನಾನೂ ಅವಳೂ ಹೋಗುವುದೆಂದು ಮಾತಾಗಿದೆ. ಈ ಮಧ್ಯೆ ಮೇಟ್ರನ್ ಅಮ್ಮನಿಗೆ ಓಡಾಟ ಕಷ್ಟವಾಗಿ, ವಿಶಾಖಪಟ್ಟಣದ ಹುಡುಗಿಯರ ಕಾಗದದ ಕೆಲಸ ನನ್ನ ಮೇಲೆ ಬಿತ್ತು. ಭಾನುವಾರ ನಾಲ್ಕೈದು ಜನ ಬರುತ್ತಾರೆ. ಎಲ್ಲರ ಕಣ್ಣ ಕೆಳಗೂ ಅದೇ ಕಪ್ಪು, ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್ ಫೈಲು. ನನಗೆ ಸಾಕಾಗಿದೆ. ಸಾಕೆಂದು ಹೇಳಲು ಬಾಯಿ ಬರುವುದಿಲ್ಲ.

ಆ ಕಾಗದಕ್ಕೆ ಸಹಿ ಹಾಕಿದ ಮೇಲೆ ಅವರು ಮನೆಪಾಠ ಕೊಡುವುದನ್ನು ನಿಲ್ಲಿಸಿದರು. ನನಗೆ ಗೊತ್ತಾದದ್ದು ತಡವಾಗಿ. ಒಮ್ಮೆ ಭವಾನಿಪುರಂಗೆ ಹೋದಾಗ ಅವರು ಹುಡುಗಿಯೊಬ್ಬಳಿಗೆ ಒಂದು ಕತೆಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಉಪವಾಸದ ಮುದುಕರು, ಇನ್ಸುಲಿನ್ನು. ನಾನು ಬಂದದ್ದು ಕಂಡು ನಡುವೆ ನಿಲ್ಲಿಸಿದರು. ಹುಡುಗಿ ಹೋದ ಮೇಲೆ, "ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂದ್ಕೊಂಡೆ, ಅಲ್ವಾ?" ಎಂದರು. ನಾನು ಇಲ್ಲ ಎಂದೆ. "ಅವರ ಹೊಟ್ಟೆ ಮೇಲೆ ನಾನ್ಯಾಕಪ್ಪ ಹೊಡೀಲಿ. ಅಲ್ಲಿಗೆ ಹೋದ್ಮೇಲೆ ಕೇಳ್ಲಿ ಬಿಡು" ಎಂದು ಚಾದರ ಮಡಿಸತೊಡಗಿದರು. ಅವರನ್ನು ಅಷ್ಟು ದಣಿದು ನಾನು ಎಂದೂ ನೋಡಿರಲಿಲ್ಲ. ಅವರ ಎದುರು ಕೂತು, ಅವತ್ತು ಫೋನಿನಲ್ಲಿ ಆಡಿದ ಮಾತಿಗೆ ತಪ್ಪಾಯಿತು ಎನ್ನಬೇಕಿತ್ತು. ರೈಲಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಕೋಣೆ ಖಾಲಿ ಮಾಡಿಸಿ ಬಂದ ಮರುದಿನ ಮಧ್ಯಾಹ್ನ ಶೋಭಾ ಫೋನು ಮಾಡಿದಳು. ಅವಳಿಗೆ ಆಗ ಬೆಳಗಿನ ಹೊತ್ತು, ಡ್ಯೂಟಿಗೆ ಹೊರಟಿದ್ದಳು. ಮೇಟ್ರನ್ ಅಮ್ಮನ ವಿಷಯ ಮಾತಾಡುತ್ತಾ ಅತ್ತಳು. ಆಮೇಲೆ ತಡೆದುಕೊಂಡು ತನ್ನ ವಾರ್ಡಿನ ಸುದ್ದಿ ಹೇಳಿದಳು. ಕೇರಳ, ಆಂಧ್ರ, ಫಿಲಿಪ್ಪೀನ್ಸಿನಿಂದ ಹೊಸ ನರ್ಸುಗಳು ಬಂದಿದ್ದಾರಂತೆ, ಅವರಿಗೆ ಕೆಲಸ ಕಲಿಸುವುದು ಇವಳ ಪಾಲಿಗೆ ಬಂದಿದೆ.

"ಯಾರೂ ಬಾಯಿ ತೆಗೀವಲ್ರು ನೋಡ್ರಿ. ನಾನು ಇದ್ದಂಗೇ ಅದಾರ. ಡಾಕ್ಟರ್ ತಪ್ಪು ಬರದ್ರೂ ಸುಮ್ನ ಕೊಡ್ತಾರ. ಅದಕ್ಕ ನಾಳೆ ನಮ್ಮ ಕತಿ ಹೇಳೂನಂತ ಮಾಡೀನಿ. ನಮ್ಮೂರಾಗೂ ಅಂಥಾ ದೊಡ್ಡ ಡಾಕ್ಟರ್ ಕಡೀಗೆ ಒಪ್ಕೊಂಡ್ರು, ಹೆದರಬ್ಯಾಡ್ರಿ ಅಂತ. ನಾನು ಇಲ್ಲಿ ದಿನಾ ಕೇಳಾಕ ಧೈರ್ಯ ಬಂದಿದ್ದೇ ಆ ಮಾತಿನಿಂದ."

"ಹೇಳು" ಎಂದೆ.

"ನೀವು ಆವತ್ತು ಅಲ್ಲೇ ಇದ್ರೆಲ್ಲಾ. ಅಮ್ಮಾರು ನನಗ ಪೂರ್ತಿ ಹೇಳಲೇ ಇಲ್ಲ. ಡಾಕ್ಟರ್ ಖರೇನ ಏನಂದ್ರು? ಅವರ ಮಾತಿನಾಗ ಹೇಳಿದ್ರ ಹುಡುಗ್ಯಾರು ನಂಬ್ತಾರ."

ನಾನು ಕಡತ ಬರೆಯುವವನು. ಇಲ್ಲದ್ದನ್ನು ಇದೆಯೆಂದು ಬರೆದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಇನ್ನೊಬ್ಬರು ಹೇಳಿ ಬರೆಸಿದ್ದು. ಈಗ ಹೇಳಿಕೊಡುವವರು ಯಾರೂ ಇರಲಿಲ್ಲ.

"ಆ ಸಿಸ್ಟರ್ ಅವತ್ತು ಕೇಳಿದ್ದಕ್ಕೇ ಒಂದು ಜೀವ ಉಳೀತು, ನಾನು ಅವಳಿಗೆ ಋಣಿ ಅಂತ ಹೇಳಿ ಅಂದ್ರು" ಎಂದೆ.

"ತಡೀರಿ, ಬರಕೋತೀನಿ" ಎಂದಳು ಶೋಭಾ. ಚೀಲದಲ್ಲಿ ಪೆನ್ನು ಹುಡುಕುವ ಸದ್ದು ಕೇಳಿಸಿತು. "ಹೂಂ, ಈಗ ಹೇಳ್ರಿ."

ನಾನು ನಿಧಾನವಾಗಿ, ಒಂದೊಂದೇ ಪದ ಬಿಡಿಸಿ, ಇನ್ನೊಮ್ಮೆ ಹೇಳಿದೆ.